ಹನ್ನೆರಡು ಲೋಟ, ಆರು ಜನ, ಒಂದು ಪುಸ್ತಕ

ಜೀವಶಾಸ್ತ್ರದ ಪ್ರಾಜೆಕ್ಟ್ ಅಂದ ಕೂಡಲೇ ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಆರು ಜನರ ತಂಡ ಅಂತ ಹೆಸರು ಬರೆಸುತ್ತಾರೆ. ಒಬ್ಬಳು ಬೀಜ ಹಾಕ್ತಾಳೆ, ಒಬ್ಬ ನೆನಪಾದ ದಿನ ನೀರು ಹಾಕ್ತಾನೆ, ಕೊನೆಯ ದಿನ ರಾತ್ರಿ ಅಕ್ಷರ ಚೆನ್ನಾಗಿರೋರು ಕೂತು ಚಾರ್ಟ್ ಬರೀತಾರೆ. ಉಳಿದವರು ಫೋಟೋದಲ್ಲಿ ನಿಲ್ಲುತ್ತಾರೆ. ಗಿಡ ಬೆಳೆದಿರುತ್ತೆ, ಅಂಕವೂ ಬಂದಿರುತ್ತೆ. ಆದರೆ ಆ ಗಿಡ ಏನು ಹೇಳಿತು ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರೋದಿಲ್ಲ.

ಗಿಡ ಬೆಳೆಸುವುದು ಬೇರೆ, ಗಿಡವನ್ನು ಪ್ರಶ್ನೆ ಕೇಳುವುದು ಬೇರೆ. ಆರು ಜನ ಸೇರಿ ಪ್ರಶ್ನೆ ಕೇಳಬೇಕಾದರೆ ಆರು ಜನರ ಕೈ ಒಂದೇ ಕೈಯಂತೆ ಕೆಲಸ ಮಾಡಬೇಕು. ಅದು ಹೇಗೆ ಅನ್ನುವುದನ್ನು ಒಂದು ಊರಿಗೆ ಹೊಂದಿಸಿಕೊಂಡು ನೋಡೋಣ. ಊರು ಕಂಬೈನಲ್ಲೂರು.

ಮೂರು ನೀರಿನ ಊರು

ಕಂಬೈನಲ್ಲೂರು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಟ್ಟಣ. 1965ರ ಅಕ್ಟೋಬರ್ 2ರವರೆಗೆ ಈ ಪ್ರದೇಶ ಸೇಲಂ ಜಿಲ್ಲೆಗೆ ಸೇರಿತ್ತು. ನಮ್ಮ ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸೂರು, ಕೃಷ್ಣಗಿರಿ ದಾಟಿ ಈ ಸೀಮೆಗೇ ಬರುತ್ತದೆ. ಅಲ್ಲಿ ಅದನ್ನು ತೆನ್‌ಪೆಣ್ಣೈ ಅಂತಾರೆ. ನದಿ ಹತ್ತಿರ ಇದ್ದರೂ ಸೀಮೆ ಒಣಸೀಮೆಯೇ. ರಾಗಿ, ಹುರುಳಿ, ನೆಲಗಡಲೆ, ಮಾವು ಇಲ್ಲಿನ ಬೆಳೆಗಳು.

ಈ ಜಿಲ್ಲೆಗೆ ನೀರಿನದು ಹಳೆಯ ತೊಂದರೆ. ನೆಲದಡಿಯ ಗಟ್ಟಿ ಬಂಡೆಯಲ್ಲಿರುವ ಕೆಲವು ಖನಿಜಗಳಿಂದ ಫ್ಲೋರೈಡ್ ಕರಗಿ ಕೊಳವೆಬಾವಿಯ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದುಕಲೆ ಬರುತ್ತೆ, ಇನ್ನೂ ಹೆಚ್ಚಾದರೆ ಮೂಳೆ, ಕೀಲು ಬಿಗಿಯುತ್ತವೆ. ಇದೇ ಫ್ಲೋರೋಸಿಸ್. ಇದನ್ನು ತಡೆಯಲೆಂದೇ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆ ಬಂತು. ಹೊಗೆಯಂತೆ ನೀರಹನಿ ಏಳುವ ಕಲ್ಲು ಎಂದು ಕನ್ನಡದಲ್ಲೇ ಹೆಸರಿರುವ ಆ ಜಲಪಾತದ ಬಳಿಯಿಂದ ಕಾವೇರಿ ನೀರು ಕೊಳವೆಯಲ್ಲಿ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಊರುಗಳಿಗೆ ಹೋಗುತ್ತದೆ.

ಹೀಗಾಗಿ ಈ ಸೀಮೆಯ ವಿದ್ಯಾರ್ಥಿ ತಂಡಕ್ಕೆ ಮೂರು ಬಗೆಯ ನೀರು ಸಿಗಬಹುದು: ಬೋರ್‌ವೆಲ್ ನೀರು, ಕೊಳವೆಯಲ್ಲಿ ಬರುವ ಕಾವೇರಿ ನೀರು, ಹಿಡಿದಿಟ್ಟ ಮಳೆನೀರು. ಇಲ್ಲೇ ಒಂದು ಒಳ್ಳೆಯ ಪ್ರಶ್ನೆ ಇದೆ: ಈ ಮೂರು ನೀರಿನಲ್ಲಿ ಹುರುಳಿ ಒಂದೇ ರೀತಿ ಮೊಳೆಯುತ್ತದೆಯೇ, ಒಂದೇ ಎತ್ತರ ಬೆಳೆಯುತ್ತದೆಯೇ? ನಿಮ್ಮೂರಲ್ಲಿ ಕೆರೆ ನೀರು, ಬಾವಿ ನೀರು ಇದ್ದರೆ ಅದನ್ನೇ ತಗೊಳ್ಳಿ.

ಹುರುಳಿಯೇ ಯಾಕೆ? ಹುರುಳಿ ಒಣನೆಲದ ಬೆಳೆ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತೆ, ಮೂರು ನಾಲ್ಕು ದಿನಕ್ಕೆ ಮೊಳೆಯುತ್ತೆ. ಇದಕ್ಕೆ ತಮಿಳಿನಲ್ಲಿ ಕೊಳ್ಳು, ತೆಲುಗಿನಲ್ಲಿ ಉಲವಲು. ಮೂರೂ ಭಾಷೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಸೀಮೆ ಅದು. ಒಬ್ಬಳು ಹುರುಳಿ ಅಂತ, ಇನ್ನೊಬ್ಬ ಕೊಳ್ಳು ಅಂತ ಬರೆದರೆ ಎರಡು ಬೇರೆ ಬೀಜ ಅಂತ ಓದಿದವರು ತಿಳಿಯಬಹುದು. ಆದ್ದರಿಂದ ಪುಸ್ತಕದ ಮೊದಲ ಪುಟದಲ್ಲೇ ಎಲ್ಲ ಹೆಸರನ್ನೂ ಬರೆದು, ಪಕ್ಕದಲ್ಲಿ ಮ್ಯಾಕ್ರೋಟೈಲೋಮ ಯೂನಿಫ್ಲೋರಮ್ ಎಂಬ ವೈಜ್ಞಾನಿಕ ಹೆಸರನ್ನೂ ಬರೆಯಿರಿ. ವೈಜ್ಞಾನಿಕ ಹೆಸರು ಇರುವುದು ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸೋಕಲ್ಲ, ಬೇರೆ ಬೇರೆ ಭಾಷೆಯವರು ಒಂದೇ ಗಿಡದ ಬಗ್ಗೆ ಮಾತಾಡುತ್ತಿದ್ದೇವೆ ಅಂತ ಖಾತ್ರಿ ಮಾಡಿಕೊಳ್ಳೋಕೆ.

ಒಂದೇ ವ್ಯತ್ಯಾಸ

ಹನ್ನೆರಡು ಕಾಗದದ ಲೋಟ ತಗೊಳ್ಳಿ. ಎಲ್ಲಕ್ಕೂ ತಳದಲ್ಲಿ ಒಂದೇ ಮೊಳೆಯಿಂದ ಮೂರು ತೂತು ಮಾಡಿ. ನದಿಮರಳನ್ನು ಚೆನ್ನಾಗಿ ತೊಳೆದು ಒಣಗಿಸಿ, ಒಂದೇ ರಾಶಿ ಮಾಡಿ ಬೆರೆಸಿ, ಪ್ರತಿ ಲೋಟಕ್ಕೂ ಒಂದೇ ಅಳತೆಯಲ್ಲಿ ತುಂಬಿ. ಮಣ್ಣು ಬೇಡ ಯಾಕೆ? ಮಣ್ಣಿನಲ್ಲಿ ಅದರದೇ ಉಪ್ಪು, ಗೊಬ್ಬರ ಇರುತ್ತೆ. ನೀರಿನ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗಬಹುದು. ಮರಳಿನಲ್ಲಿ ಗಿಡ ಏನು ತಿನ್ನುತ್ತೆ ಅಂತ ಚಿಂತೆ ಬೇಡ. ಹುರುಳಿಯ ಎರಡು ಬೇಳೆಗಳಲ್ಲಿ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಇದೆ. ಮೊದಲ ದಿನಗಳಿಗೆ ಅದು ಸಾಕು.

ಒಂದು ಲೋಟಕ್ಕೆ ಐದು ಬೀಜ, ಒಂದು ನೀರಿಗೆ ನಾಲ್ಕು ಲೋಟ. ಅಂದರೆ ಒಂದೊಂದು ನೀರಿಗೆ 20 ಬೀಜ, ಒಟ್ಟು 60. ಒಂದೇ ಲೋಟ ಸಾಲದೇ ಅಂತ ಕೇಳಬಹುದು. ಹುರುಳಿಯಲ್ಲಿ ಸಿಪ್ಪೆ ಗಟ್ಟಿಯಾಗಿ ನೀರನ್ನೇ ಹೀರದ ಬೀಜಗಳಿರುತ್ತವೆ. ಬೇಯಿಸುವಾಗ ಅಮ್ಮ 'ಕಲ್ಲಿನಂಥ ಕಾಳು' ಅಂತ ಬೈಯುವುದು ಇಂಥವನ್ನೇ. ಒಂದು ಲೋಟದಲ್ಲಿ ಇಂಥ ಎರಡು ಕಾಳು ಬಿದ್ದರೆ ತಪ್ಪು ನೀರಿನ ಮೇಲೆ ಬರುತ್ತೆ. ನಾಲ್ಕು ಲೋಟ ಇದ್ದರೆ ಆ ಅನ್ಯಾಯ ಕಡಿಮೆಯಾಗುತ್ತೆ.

ಲೋಟಗಳನ್ನು ಜಗಲಿಯಲ್ಲಿ ಮಳೆ ಬೀಳದ, ಬೆಳಕು ಬರುವ ಕಡೆ ಸಾಲಾಗಿ ಇಡಿ. ಒಂದು ತುದಿಗೆ ಬಿಸಿಲು ಹೆಚ್ಚು, ಇನ್ನೊಂದಕ್ಕೆ ಗೋಡೆಯ ನೆರಳು ಇದ್ದೇ ಇರುತ್ತೆ. ಅದಕ್ಕೇ ಲೋಟಗಳಿಗೆ 1ರಿಂದ 12 ನಂಬರ್ ಹಾಕಿ, ಯಾವ ನಂಬರಿಗೆ ಯಾವ ನೀರು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ದಿನವೂ ಕೊನೆಯ ಲೋಟವನ್ನು ತಂದು ಮೊದಲ ಜಾಗದಲ್ಲಿಟ್ಟು ಉಳಿದವನ್ನು ಒಂದು ಹೆಜ್ಜೆ ಸರಿಸಿ. ಹೀಗೆ ಜಾಗ, ಮರಳು, ಬೀಜ, ನೀರಿನ ಪ್ರಮಾಣ ಎಲ್ಲವೂ ಎಲ್ಲಕ್ಕೂ ಸಮ. ಬೇರೆಯಾಗಿರುವುದು ನೀರಿನ ಬಗೆ ಮಾತ್ರ.

ಯಾರಿಗೆ ಯಾವ ಕೆಲಸ?

ಆರು ಜನರ ಕೆಲಸ ಹೀಗೆ ಹಂಚಬಹುದು. ನೀರು ಹಾಕಲು ಒಬ್ಬರು. ಅಳೆಯಲು ಇಬ್ಬರು. ಬರೆಯಲು ಒಬ್ಬರು. ಲೋಟ ಸರಿಸಿ, ಆ ದಿನದ ಬಿಸಿಲು, ಮೋಡ, ಉಷ್ಣಾಂಶ ನೋಡಿ ಹೇಳಲು ಒಬ್ಬರು. ಆರನೆಯವರು ಸಂಯೋಜಕರು.

ಸಂಯೋಜಕ ಅಂದರೆ ಲೀಡರ್ ಅಲ್ಲ. ತಂಡದಲ್ಲಿ ಗಿಡವನ್ನು ಎಲ್ಲರಿಗಿಂತ ಕಡಿಮೆ ಮುಟ್ಟುವವರು ಅವರೇ. ಇವತ್ತು ಯಾರು ಬಂದಿಲ್ಲ, ಬದಲಿ ಯಾರು, ಶನಿವಾರ ಭಾನುವಾರ ನೀರು ಹಾಕಲು ಶಾಲೆಗೆ ಹತ್ತಿರ ಮನೆ ಯಾರದು, ಬೀಗದ ಕೈ ಯಾರ ಹತ್ತಿರ — ಇದೆಲ್ಲ ಅವರ ತಲೆನೋವು. ಇನ್ನೊಂದು ಮಾತು: ಗುಡಿಸುವ, ತೊಳೆಯುವ ಕೆಲಸ ಹುಡುಗಿಯರಿಗೆ, ಅಳೆಯುವ ಕೆಲಸ ಹುಡುಗರಿಗೆ ಅಂತ ತಾನಾಗಿಯೇ ಹಂಚಿಹೋಗದಂತೆ ನೋಡಿಕೊಳ್ಳುವುದೂ ಸಂಯೋಜಕರ ಕೆಲಸವೇ. ಕೊನೆಯಲ್ಲಿ ಆರು ಜನರಲ್ಲಿ ಯಾರನ್ನು ಕೇಳಿದರೂ ಇಡೀ ಪ್ರಯೋಗ ವಿವರಿಸುವಂತಿರಬೇಕು.

ಸೋಮವಾರವೇ ಬೀಜ ಹಾಕಿ. ಅದನ್ನು 1ನೇ ದಿನ ಅನ್ನಿ. 3, 4, 5 ಮತ್ತು 8ನೇ ದಿನ ಎಷ್ಟು ಮೊಳೆತಿವೆ ಅಂತ ಎಣಿಸಿ. 8, 10, 12 ಮತ್ತು 15ನೇ ದಿನ ಎತ್ತರ ಅಳೆಯಿರಿ. ಲೆಕ್ಕ ಹಾಕಿ ನೋಡಿ, ಒಂದು ಅಳತೆಯೂ ಶನಿವಾರ ಭಾನುವಾರಕ್ಕೆ ಬೀಳೋದಿಲ್ಲ. ಪೊಂಗಲ್, ದಸರಾ ರಜೆ ಮಧ್ಯೆ ಬಾರದ ಹದಿನೈದು ದಿನ ಆರಿಸಿಕೊಳ್ಳಿ.

ಎಲ್ಲ ಸೂಚನೆಯನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. 'ದಿನಾ ಸ್ವಲ್ಪ ನೀರು ಹಾಕಿ' ಅಂತ ಬರೆದರೆ ಸಾಲದು. ಒಬ್ಬರ ಸ್ವಲ್ಪ ಇನ್ನೊಬ್ಬರಿಗೆ ಒಂದು ಚೊಂಬು! 'ಬೆಳಿಗ್ಗೆ ಪ್ರಾರ್ಥನೆಗೆ ಮೊದಲು, ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಪ್ರತಿ ಲೋಟಕ್ಕೂ 10 ಮಿಲಿಲೀಟರ್' ಅಂತ ಬರೆಯಿರಿ. ನಿಮ್ಮ ತಂಡದವರೇ ಅಲ್ಲದ ಹುಡುಗನೊಬ್ಬ ಹಾಳೆ ಓದಿ ತಪ್ಪಿಲ್ಲದೆ ಮಾಡಿದರೆ ಅದು ಸರಿಯಾದ ಸೂಚನೆ.

ದೊಡ್ಡ ವಿಜ್ಞಾನದಲ್ಲೂ ಹೀಗೆಯೇ. 2025ರ ಜೂನ್ 25ರಂದು ಆಕ್ಸಿಯಂ-4 ಯಾನದಲ್ಲಿ ಬಾಹ್ಯಾಕಾಶಕ್ಕೆ ಹೋದ ಶುಭಾಂಶು ಶುಕ್ಲಾ ಅಲ್ಲಿ ಹೆಸರು ಮತ್ತು ಮೆಂತ್ಯದ ಬೀಜ ಮೊಳೆಸಿದರು. ಆ ಪ್ರಯೋಗವನ್ನು ರೂಪಿಸಿದವರು ಧಾರವಾಡದವರು: ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ. ಯೋಚಿಸಿದವರು ಧಾರವಾಡದಲ್ಲಿ, ಬೀಜಕ್ಕೆ ನೀರು ಕೊಟ್ಟ ಕೈ ಭೂಮಿಯಿಂದ ಸುಮಾರು 400 ಕಿಲೋಮೀಟರ್ ಮೇಲೆ. ಇಬ್ಬರ ನಡುವೆ ಸೂಚನೆ ಸ್ಪಷ್ಟವಾಗಿರದಿದ್ದರೆ ಏನಾಗುತ್ತಿತ್ತು ಯೋಚಿಸಿ.

ಸ್ಕೇಲಿನ ಸೊನ್ನೆ ಮತ್ತು ಗುಟ್ಟಿನ ಚೀಟಿ

ನಿಮ್ಮ ಪ್ಲಾಸ್ಟಿಕ್ ಸ್ಕೇಲನ್ನು ಈಗಲೇ ತೆಗೆದು ನೋಡಿ. ಸೊನ್ನೆಯ ಗೆರೆ ತುದಿಯಲ್ಲೇ ಇದೆಯೇ? ಬಹಳಷ್ಟು ಸ್ಕೇಲುಗಳಲ್ಲಿ ತುದಿ ಬಿಟ್ಟು ಕೆಲವು ಮಿಲಿಮೀಟರ್ ಒಳಗೆ ಇರುತ್ತದೆ. ಹಾಗೇ ಮರಳಿನ ಮೇಲೆ ನಿಲ್ಲಿಸಿ ಅಳೆದರೆ ಎಲ್ಲ ಗಿಡವೂ ಅಷ್ಟು ಗಿಡ್ಡ ಆಗುತ್ತೆ. ಇಬ್ಬರ ಹತ್ತಿರ ಎರಡು ಬಗೆಯ ಸ್ಕೇಲ್ ಇದ್ದರಂತೂ ಗಿಡದ ವ್ಯತ್ಯಾಸವೋ ಸ್ಕೇಲಿನ ವ್ಯತ್ಯಾಸವೋ ತಿಳಿಯೋದಿಲ್ಲ. ಗ್ರಾಫ್ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ ಕಡ್ಡಿಗೆ ಅಂಟಿಸಿ, ಸೊನ್ನೆ ಸರಿಯಾಗಿ ಕಡ್ಡಿಯ ತುದಿಗೆ ಬರಲಿ. ಇಬ್ಬರೂ ಅದೇ ಕಡ್ಡಿಯಲ್ಲಿ ಅಳೆಯಿರಿ.

ಎಲ್ಲಿಂದ ಎಲ್ಲಿಗೆ ಅಳೆಯಬೇಕು? ಒಬ್ಬರು ಚಿಗುರಿನ ತುದಿಗೆ, ಒಬ್ಬರು ಎಲೆ ಎತ್ತಿ ಹಿಡಿದು ಎಲೆಯ ತುದಿಗೆ ಅಳೆದರೆ ಕೆಲಸ ಕೆಟ್ಟಿತು. ಮರಳಿನ ಮಟ್ಟದಿಂದ ಚಿಗುರಿನ ತುದಿಯವರೆಗೆ ಅಂತ ನಿಗದಿ ಮಾಡಿ. ಶುರುವಿನಲ್ಲಿ ಅಂಗಳದ ಹತ್ತು ಸಣ್ಣ ಗಿಡಗಳನ್ನು ಇಬ್ಬರೂ ಬೇರೆ ಬೇರೆ ಅಳೆದು ಹೋಲಿಸಿ. 2 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಯಾಕೆ ಅಂತ ಮಾತಾಡಿಕೊಂಡು ಮತ್ತೆ ಅಳೆಯಿರಿ.

ಇನ್ನೊಂದು ಸೂಕ್ಷ್ಮ ಇದೆ. 'ಮಳೆನೀರಿನ ಗಿಡ ಚೆನ್ನಾಗಿ ಬೆಳೆದೇ ಬೆಳೆಯುತ್ತೆ' ಅಂತ ಮನಸ್ಸಿನಲ್ಲಿ ಇದ್ದರೆ ಕಣ್ಣು ತನಗೆ ಗೊತ್ತಿಲ್ಲದೆ ಆ ಗಿಡಕ್ಕೆ ಒಂದು ಮಿಲಿಮೀಟರ್ ಹೆಚ್ಚು ಕೊಡುತ್ತೆ. ಇದು ಮೋಸವಲ್ಲ, ಮನುಷ್ಯರ ಸ್ವಭಾವ. ಅದಕ್ಕೊಂದು ಉಪಾಯ. ಮೂರು ನೀರನ್ನು ಒಂದೇ ಥರದ ಮೂರು ಬಾಟಲಿಯಲ್ಲಿ ಮೇಷ್ಟ್ರು ಅಥವಾ ಟೀಚರ್ ತುಂಬಲಿ, ಮೇಲೆ ಅ, ಇ, ಉ ಅಂತ ಮಾತ್ರ ಬರೆಯಲಿ. ಯಾವ ಅಕ್ಷರಕ್ಕೆ ಯಾವ ನೀರು ಅನ್ನುವ ಚೀಟಿ ಲಕೋಟೆಯಲ್ಲಿ ಅವರ ಹತ್ತಿರವೇ ಇರಲಿ. ಯಾವ ಲೋಟಕ್ಕೆ ಯಾವ ಅಕ್ಷರ ಅನ್ನುವ ಪಟ್ಟಿ ನೀರು ಹಾಕುವವರ ಬಳಿ ಮಾತ್ರ. ಅಳೆಯುವವರಿಗೆ ಕಾಣುವುದು ಬರೀ ನಂಬರು. ಹದಿನೈದನೇ ದಿನ ಕೊನೆಯ ಅಂಕಿ ಬರೆದ ಮೇಲೆಯೇ ಲಕೋಟೆ ಒಡೆಯಬೇಕು. ಔಷಧಿ ಪರೀಕ್ಷೆಗಳಲ್ಲೂ ಇದೇ ಉಪಾಯ ಬಳಸುತ್ತಾರೆ.

ಖಾಲಿ ಚೌಕದ ಬೆಲೆ

ತಂಡಕ್ಕೆ ಒಂದೇ ಪುಸ್ತಕ. ಬಿಡಿ ಹಾಳೆ ಬೇಡ, ಪೆನ್ಸಿಲ್ ಬೇಡ. ಪೆನ್ನಿನಲ್ಲಿ ಬರೆಯಿರಿ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ. ಹಳೆಯ ಅಂಕಿ ಕಾಣುವಂತಿರಲಿ.

ಹತ್ತನೇ ದಿನ ಅಳೆಯುವ ಇಬ್ಬರೂ ಬರಲಿಲ್ಲ ಅಂದುಕೊಳ್ಳಿ. ಎಂಟನೇ ದಿನದ್ದೂ ಹನ್ನೆರಡನೇ ದಿನದ್ದೂ ನೋಡಿ ನಡುವಿನ ಒಂದು ಅಂಕಿ ತುಂಬಿಬಿಡೋಣ ಅನ್ನಿಸುತ್ತೆ. ಯಾರಿಗೂ ತಿಳಿಯೋದೂ ಇಲ್ಲ. ಆದರೆ ಒಂದು ಸುಳ್ಳು ಅಂಕಿ ಸೇರಿದ ಮೇಲೆ ಯಾವುದು ಗಿಡ ಹೇಳಿದ್ದು, ಯಾವುದು ನಾವು ಹೇಳಿಸಿದ್ದು ಅಂತ ಬೇರ್ಪಡಿಸಲು ಸಾಧ್ಯವೇ ಇಲ್ಲ. ಚೌಕ ಖಾಲಿ ಬಿಡಿ, ಪಕ್ಕದಲ್ಲಿ 'ಅಳೆದಿಲ್ಲ, ಇಬ್ಬರೂ ರಜೆ' ಅಂತ ಬರೆಯಿರಿ. 7ನೇ ಲೋಟವನ್ನು ಕೋಳಿ ಕೆದಕಿದರೆ 'ಕೋಳಿ ಕೆದಕಿತು' ಅಂತ ಬರೆಯಿರಿ. ಖಾಲಿ ಚೌಕ ಇರುವ ಪುಸ್ತಕವನ್ನು ನಂಬಬಹುದು.

ಕೊಯಮತ್ತೂರಿನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಹೊಲದಲ್ಲಿ ಶಾಶ್ವತ ಗೊಬ್ಬರ ಪ್ರಯೋಗ ಅಂತ ಒಂದಿದೆ. ಅದು ಶುರುವಾದದ್ದು 1909ರಲ್ಲಿ. ಯಾವ ತಾಕಿಗೆ ಯಾವ ಗೊಬ್ಬರ ಅಂತ ಗೊತ್ತುಮಾಡಿ ವರ್ಷ ವರ್ಷ ಇಳುವರಿ, ಮಣ್ಣಿನ ಗುಣ ಬರೆಯುತ್ತಾ ಬಂದ ಪ್ರಯೋಗ ಅದು. ಮೊದಲ ದಿನ ಅಳೆದವರು ಯಾರೂ ಈಗಿಲ್ಲ. ಆದರೂ ಅವರ ಅಂಕಿಯ ಪಕ್ಕದಲ್ಲಿ ಹೊಸ ಅಂಕಿ ಇಟ್ಟು ಹೋಲಿಸಬಹುದು, ಯಾಕೆಂದರೆ ಹೇಗೆ ಅಳೆದೆವು ಅನ್ನುವುದೂ ಬರಹದಲ್ಲಿ ಉಳಿದಿದೆ. ನಿಮ್ಮ ತಂಡದ ಪುಸ್ತಕ ಮುಂದಿನ ವರ್ಷದ ಒಂಬತ್ತನೇ ಕ್ಲಾಸಿನವರ ಕೈಗೆ ಹೋದರೆ ಅವರೂ ಮುಂದುವರಿಸುವಂತಿರಲಿ.

ಅಂಕಿ ಓದುವುದು

15ನೇ ದಿನ ಎರಡು ಲೆಕ್ಕ ಬೇರೆ ಬೇರೆ ಮಾಡಿ. ಒಂದು, ಮೊಳಕೆಯ ಶೇಕಡಾವಾರು: 20ರಲ್ಲಿ 18 ಮೊಳೆತರೆ 90. ಎರಡು, ಮೊಳೆತ ಗಿಡಗಳ ಸರಾಸರಿ ಎತ್ತರ. ಮೊಳೆಯದ ಬೀಜಕ್ಕೆ ಎತ್ತರ ಸೊನ್ನೆ ಅಂತ ಹಾಕಿ ಸರಾಸರಿಗೆ ಸೇರಿಸಬೇಡಿ. ಅವೆರಡೂ ಬೇರೆ ವಿಷಯ.

ಸರಾಸರಿ ಒಂದನ್ನೇ ನಂಬಬೇಡಿ. ಉದಾಹರಣೆಗೆ ಒಂದು ನೀರಿನ ನಾಲ್ಕು ಲೋಟದ ಸರಾಸರಿ ಎತ್ತರ 11, 12, 12, 13 ಸೆಂಟಿಮೀಟರ್ ಅಂದುಕೊಳ್ಳಿ. ಇನ್ನೊಂದರದು 6, 15, 16, 11. ಎರಡಕ್ಕೂ ಒಟ್ಟು ಸರಾಸರಿ 12! ಆದರೆ ಮೊದಲನೆಯದರಲ್ಲಿ ಲೋಟಗಳೆಲ್ಲ ಒಂದೇ ಮಾತು ಹೇಳುತ್ತಿವೆ. ಎರಡನೆಯದರಲ್ಲಿ ಒಂದೊಂದು ಒಂದೊಂದು ಕಡೆ ಎಳೆಯುತ್ತಿದೆ. ಆದ್ದರಿಂದ ಸರಾಸರಿಯ ಜೊತೆಗೆ ಅತಿ ಕಡಿಮೆ, ಅತಿ ಹೆಚ್ಚು ಎಷ್ಟು ಅಂತಲೂ ಬರೆಯಿರಿ.

ಮೂರು ನೀರಿನಲ್ಲೂ ಹೆಚ್ಚುಕಡಿಮೆ ಒಂದೇ ಬಂದರೆ ಬೇಜಾರು ಬೇಡ. 1984ರಲ್ಲಿ ಅಮೆರಿಕದ ನಾಸಾ ಸುಮಾರು 1.25 ಕೋಟಿ ಟೊಮ್ಯಾಟೊ ಬೀಜಗಳನ್ನು ಬಾಹ್ಯಾಕಾಶಕ್ಕೆ ಕಳಿಸಿತ್ತು. ಒಂದು ವರ್ಷದೊಳಗೆ ಬರಬೇಕಿದ್ದ ಬೀಜ 1986ರ ಚಾಲೆಂಜರ್ ದುರಂತದಿಂದಾಗಿ 1990ರ ಜನವರಿಯಲ್ಲಿ ಬಂತು. ಆಮೇಲೆ ಅವನ್ನು ಶಾಲೆಗಳಿಗೆ ಹಂಚಿದರು. ಪ್ರತಿ ಶಾಲೆಗೂ ಎರಡು ಪೊಟ್ಟಣ: ಮೇಲೆ ಹೋಗಿಬಂದ ಬೀಜ ಒಂದರಲ್ಲಿ, ನೆಲದಲ್ಲೇ ಇದ್ದ ಬೀಜ ಇನ್ನೊಂದರಲ್ಲಿ. ಲಕ್ಷಾಂತರ ವಿದ್ಯಾರ್ಥಿಗಳು ಬೆಳೆಸಿ ನೋಡಿದರು. ವಿಚಿತ್ರ ಗಿಡ ಹುಟ್ಟೀತು ಅಂತ ಕಾದವರಿಗೆ ಕಂಡದ್ದು ಹೆಚ್ಚೂಕಡಿಮೆ ಒಂದೇ ಥರದ ಟೊಮ್ಯಾಟೊ ಗಿಡ. ಆರು ವರ್ಷ ಬಾಹ್ಯಾಕಾಶದಲ್ಲಿದ್ದರೂ ಬೀಜ ಬದುಕಿ ಬೆಳೆಯುತ್ತದೆ ಎನ್ನುವುದೇ ಆ ಫಲಿತಾಂಶ.

ಗಿಡ ಹೇಳದ ಮಾತು

ಈಗ ಎಲ್ಲಕ್ಕಿಂತ ಮುಖ್ಯವಾದ ಪುಟ: ತೀರ್ಮಾನ. ಬೋರ್‌ವೆಲ್ ನೀರಿನ ಹುರುಳಿ ಉಳಿದವುಗಳಷ್ಟೇ ಚೆನ್ನಾಗಿ ಬೆಳೆಯಿತು ಅಂದುಕೊಳ್ಳಿ. ಆಗ ಚಾರ್ಟಿನಲ್ಲಿ ಕೆಂಪಕ್ಷರದಲ್ಲಿ 'ಆದ್ದರಿಂದ ಬೋರ್‌ವೆಲ್ ನೀರು ಒಳ್ಳೆಯದು' ಅಂತ ಬರೆಯಬಹುದೇ?

ಬರೆಯಲೇಬಾರದು. ನೀವು ಕೇಳಿದ್ದು ಹುರುಳಿಯನ್ನು, ಅದೂ ಹದಿನೈದು ದಿನ. ಮಗುವಿನ ಹಲ್ಲು ರೂಪುಗೊಳ್ಳುವುದು ವರ್ಷಗಳ ಕೆಲಸ. ಗಿಡಕ್ಕೆ ಹಲ್ಲೂ ಇಲ್ಲ, ಮೂಳೆಯೂ ಇಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಕುದಿಸಿದರೆ ಹೋಗೋದೂ ಇಲ್ಲ, ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ನಿಮ್ಮ ಚಾರ್ಟ್ ನೋಡಿ ಯಾರದೋ ಮನೆಯವರು ನಲ್ಲಿಯ ಕಾವೇರಿ ನೀರು ಬಿಟ್ಟು ಮತ್ತೆ ಬೋರ್‌ವೆಲ್ಲಿಗೆ ಬಿಂದಿಗೆ ಹಿಡಿದರೆ ಅದರ ಹೊಣೆ ಯಾರದು? ಕುಡಿಯಲು ಯೋಗ್ಯವೇ ಅಂತ ತಿಳಿಯಬೇಕಾದರೆ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ಫ್ಲೋರೈಡ್ ಅಳೆಸಬೇಕು.

ಹಾಗೆಯೇ ಬೋರ್‌ವೆಲ್ ಗಿಡ ಕುಗ್ಗಿತು ಅಂದರೆ 'ಫ್ಲೋರೈಡಿನಿಂದ' ಅಂತಲೂ ಬರೆಯಬೇಡಿ. ಆ ನೀರಿನಲ್ಲಿ ಫ್ಲೋರೈಡ್ ಒಂದೇ ಇರೋದಿಲ್ಲ, ಬೇರೆ ಲವಣಗಳೂ ಇರುತ್ತವೆ. ಉಪ್ಪಿನಂಶ ಹೆಚ್ಚಿರುವ ನೀರನ್ನು ಬೀಜ ಸುಲಭವಾಗಿ ಹೀರಲಾರದು. ಇದು ನಿಮ್ಮ ಮುಂದಿನ ಪ್ರಯೋಗ: ಮಳೆನೀರಿಗೆ ಲೀಟರಿಗೆ 1 ಗ್ರಾಂ, 2 ಗ್ರಾಂ, 4 ಗ್ರಾಂ ಅಡುಗೆ ಉಪ್ಪು ಹಾಕಿ ನೋಡಿ.

ಬೆಲ್ಜಿಯಂನ ವಾನ್ ಹೆಲ್ಮಾಂಟ್ ಅನ್ನುವವರ ಕಥೆ ಇಲ್ಲಿ ಪಾಠ. ಅವರು 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಗಿಡ ನೆಟ್ಟು ಐದು ವರ್ಷ ಬರೀ ನೀರು ಹಾಕಿದರು. ಮರ 169 ಪೌಂಡಿಗೂ ಹೆಚ್ಚು ತೂಗಿತು, ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ. ಮರ ಮಣ್ಣನ್ನು ತಿಂದು ಬೆಳೆಯೋದಿಲ್ಲ ಅಂತ ಅಳತೆ ಸರಿಯಾಗಿ ತೋರಿಸಿತು. ಆದರೆ ಅವರು ಒಂದು ಹೆಜ್ಜೆ ಮುಂದೆ ಹೋಗಿ, ಮರವೆಲ್ಲ ನೀರಿನಿಂದಲೇ ಆದದ್ದು ಅಂದರು. ಗಾಳಿಯನ್ನು ಅವರು ಲೆಕ್ಕಕ್ಕೇ ತಗೊಂಡಿರಲಿಲ್ಲ. ಮರದ ಇಂಗಾಲ ಬಂದದ್ದು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ. 1648ರಲ್ಲಿ, ಅವರು ತೀರಿಕೊಂಡ ಮೇಲೆ ಅಚ್ಚಾದ ಆ ಪ್ರಯೋಗವನ್ನು ಇವತ್ತಿಗೂ ಗೌರವದಿಂದ ನೆನೆಯುತ್ತೇವೆ. ತೀರ್ಮಾನ ತಪ್ಪಿದ್ದರೂ ಅಂಕಿಗಳು ನಿಜವಾಗಿದ್ದವು, ಆದ್ದರಿಂದ ಮುಂದಿನವರು ತಿದ್ದಲು ಸಾಧ್ಯವಾಯಿತು.

1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇರುವುದು ಇಂಥ ಕೆಲಸಕ್ಕೇ. 10ರಿಂದ 17 ವರ್ಷದ ಮಕ್ಕಳು ಮಾರ್ಗದರ್ಶಿ ಶಿಕ್ಷಕರ ಜೊತೆ ತಮ್ಮ ಊರಿನದೇ ಪ್ರಶ್ನೆ ಹಿಡಿದು ಹೋಗಬಹುದು. ಅಲ್ಲಿ ಪ್ರಶ್ನೆ ಕೇಳುವವರು ಚಾರ್ಟ್ ನೋಡಿ ಸುಮ್ಮನಾಗೋದಿಲ್ಲ, ದಿನಚರಿ ಪುಸ್ತಕ ತೆಗೆದು 'ಹತ್ತನೇ ದಿನ ಏನಾಯ್ತು?' ಅಂತ ಕೇಳುತ್ತಾರೆ. ಆಗ ತಂಡದ ಯಾರು ಬೇಕಾದರೂ ಎದ್ದು 'ಆವತ್ತು ಅಳೆದಿಲ್ಲ ಸಾರ್, ಇಬ್ಬರೂ ರಜೆ' ಅಂತ ಧೈರ್ಯವಾಗಿ ಹೇಳಬಹುದು.

ಈಗ ಬೇಕಾದದ್ದು ಇಷ್ಟು: ಒಂದು ಹಿಡಿ ಹುರುಳಿ, ಹನ್ನೆರಡು ಲೋಟ, ತೊಳೆದ ಮರಳು, ಮೂರು ಬಾಟಲಿ, ಒಂದು ಗಟ್ಟಿ ರಟ್ಟಿನ ಪುಸ್ತಕ. ಈ ವಾರ ಮರಳು ತೊಳೆದು ಒಣಗಿಸಿ, ಕೆಲಸ ಹಂಚಿಕೊಳ್ಳಿ. ಬರುವ ಸೋಮವಾರ ಬೀಜ ಹಾಕಿ.